ಹ್ಯಾಲಿಗೆ ವೋಟ್ ಹಾಕಿದವನೇ ಹೇಳುತ್ತಿದ್ದೇನೆ: ನಮ್ಮ ಪ್ರೈಮರಿಗೆ ಬೇಲಿ ಬೇಕು

ಅಪ್‌ಸ್ಟೇಟ್_ರಾಯ (ಗ್ರೀನ್‌ವಿಲ್, ಸೌತ್ ಕೆರೊಲಿನಾ) | ಫೆಬ್ರವರಿ 25, 2024

ನಿನ್ನೆ ನಮ್ಮ ರಾಜ್ಯದ ರಿಪಬ್ಲಿಕನ್ ಪ್ರೈಮರಿ, ಅಂದರೆ ಅಧ್ಯಕ್ಷ ಚುನಾವಣೆಗೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮತದಾನ, ಮುಗಿಯಿತು. ಸಂಜೆ 7ಕ್ಕೆ ಬೂತ್ ಬಾಗಿಲು ಹಾಕಿದ್ದೇ ತಡ, ಟ್ರಂಪ್ ಗೆದ್ದರು ಅಂತ ಸುದ್ದಿಸಂಸ್ಥೆ ಎಪಿ ಘೋಷಿಸಿಬಿಟ್ಟಿತು. ನಾನಿನ್ನೂ ಕುಕ್ಕರ್ ಇಟ್ಟಿರಲಿಲ್ಲ. ಟ್ರಂಪ್‌ಗೆ ಹತ್ತಿರ ಹತ್ತಿರ ಶೇ 60, ನಿಕ್ಕಿ ಹ್ಯಾಲಿಗೆ ಶೇ 39.5. ಆಕೆ ಇಲ್ಲೇ ಬ್ಯಾಂಬರ್ಗ್ ಎಂಬ ಸಣ್ಣ ಊರಲ್ಲಿ ಹುಟ್ಟಿ, 2011ರಿಂದ 2017ರವರೆಗೆ ಇದೇ ರಾಜ್ಯದ ಗವರ್ನರ್ ಆಗಿದ್ದವರು. ಸ್ವಂತ ಮನೆಯಲ್ಲೇ 20 ಪಾಯಿಂಟ್ ಸೋಲು.

ನಾನು ಹಾಕಿದ್ದು ಹ್ಯಾಲಿಗೆ. ಸಿಟಿಜನ್ ಆದಾಗಿನಿಂದ ರಿಪಬ್ಲಿಕನ್ ಪಕ್ಷ ಬಿಟ್ಟು ಬೇರೆಗೆ ಬೆರಳು ಒತ್ತಿದವನಲ್ಲ. ಈಗ ನನ್ನ ಕಷ್ಟ ಕೇಳಿ. ಬೆಳಿಗ್ಗೆಯಿಂದ ಎರಡು ಥರದ ಮಾತು ಬರುತ್ತಿದೆ. ನಮ್ಮ ದೇಸಿ ವಾಟ್ಸಾಪ್ ಗುಂಪಿನಲ್ಲಿ "ನಮ್ಮವಳು ಅಂತ ಹಾಕಿದ್ರಾ" ಅಂತ ಕಣ್ಣು ಹೊಡೆಯುತ್ತಾರೆ. ಆಫೀಸಿನ ರಿಪಬ್ಲಿಕನ್ ಗೆಳೆಯರು "ನೀನೂ ಡೆಮಾಕ್ರಟ್‌ಗಳ ಜೊತೆ ಸೇರಿಕೊಂಡೆಯಾ" ಅಂತಾರೆ. ಎರಡೂ ಸುಳ್ಳು. ಆಕೆ ಪಂಜಾಬಿ, ನಾನು ತುಮಕೂರಿನವನು, ನಮ್ಮವಳು ಹೇಗಾದಾಳು? ನಾನು ಹಾಕಿದ್ದು ದೇಶದ ಸಾಲ 34 ಟ್ರಿಲಿಯನ್ ಡಾಲರ್ ದಾಟಿದೆ ಅಂತ ಆ ವೇದಿಕೆ ಮೇಲೆ ಗಟ್ಟಿಯಾಗಿ ಹೇಳಿದ್ದು ಅವರೊಬ್ಬರೇ ಅಂತ. ಅದರಲ್ಲಿ ಸುಮಾರು 8 ಟ್ರಿಲಿಯನ್ ಟ್ರಂಪ್ ಕಾಲದಲ್ಲೇ ಸೇರಿದ್ದು ಅಂತಲೂ ಹೇಳಿದರು. ಖರ್ಚು ಕಡಿಮೆ ಮಾಡಿ ಅನ್ನುವುದು ಕನ್ಸರ್ವೇಟಿವ್ ಮಾತೇ ಅಲ್ವಾ? ಯಾವಾಗ ಅದು ಎಡಪಂಥ ಆಯಿತು?

ಈಗ ನಿಜವಾದ ವಿಷಯ. ಸೌತ್ ಕೆರೊಲಿನಾದಲ್ಲಿ ಮತದಾರ ನೋಂದಣಿ ಮಾಡುವಾಗ ಪಕ್ಷ ಬರೆಸುವ ಪದ್ಧತಿಯೇ ಇಲ್ಲ. ಯಾರು ಬೇಕಾದರೂ ಯಾವ ಪ್ರೈಮರಿಗೆ ಬೇಕಾದರೂ ಬರಬಹುದು. ಒಂದೇ ಷರತ್ತು, ಫೆಬ್ರವರಿ 3ರ ಡೆಮಾಕ್ರಟ್ ಪ್ರೈಮರಿಯಲ್ಲಿ ವೋಟ್ ಹಾಕಿರಬಾರದು. ಈ ಸಲ "ಟ್ರಂಪ್ ತಡೆಯಲು ಹ್ಯಾಲಿಗೆ ಹಾಕಿ" ಅಂತ ಡೆಮಾಕ್ರಟ್‌ಗಳಿಗೆ ರಾಜಾರೋಷವಾಗಿ ಪ್ರಚಾರ ನಡೆಯಿತು. ಅದರಿಂದ ನನ್ನ ಅಭ್ಯರ್ಥಿಗೆ ಲಾಭವೇ ಆಗಿರಬಹುದು. ಆದರೂ ಹೇಳುತ್ತೇನೆ, ಇದು ನಿಲ್ಲಬೇಕು. ಪಕ್ಷದ ಅಭ್ಯರ್ಥಿಯನ್ನು ಪಕ್ಷದವರು ಆರಿಸಬೇಕು. ಸೋತರೆ ನಮ್ಮವರ ಕೈಲೇ ಸೋಲಬೇಕು. ಈಗ ನನ್ನ ವೋಟ್‌ಗೆ ಬೆಲೆಯೇ ಇಲ್ಲದ ಹಾಗಾಗಿದೆ, ಯಾಕೆಂದರೆ ಆ ಶೇ 39.5ರಲ್ಲಿ ನನ್ನಂಥವರು ಎಷ್ಟು, ನೆರೆಮನೆಯಿಂದ ಬಂದವರು ಎಷ್ಟು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಟ್ರಂಪ್ ಕಡೆಯವರು ಸಲೀಸಾಗಿ "ಅವರೆಲ್ಲ ಡೆಮಾಕ್ರಟ್‌ಗಳು" ಅಂದು ಕೈ ತೊಳೆದುಕೊಳ್ಳುತ್ತಾರೆ.

ಏನಂತೀರಿ?

---

ಕೆಂಪುಟೋಪಿ (ಸ್ಪಾರ್ಟನ್‌ಬರ್ಗ್)

ಕೊನೆಗೂ ಒಂದು ಒಳ್ಳೆ ಮಾತು ಹೇಳಿದಿರಿ ರಾಯರೇ. ವೋಟ್ ಮಾತ್ರ ತಪ್ಪು ಕಡೆ ಹಾಕಿದಿರಿ 😀

---

ಹಸಿರುಕಾರ್ಡ್

ನನಗೆ ವೋಟೇ ಇಲ್ಲ, ಆದರೆ ಅಭಿಪ್ರಾಯ ತುಂಬಾ ಇದೆ. ಪಾಪ್‌ಕಾರ್ನ್ ಹಿಡಿದು ಕೂತಿದ್ದೇನೆ.

---

ನೀರುದೋಸೆ_ಚಾರ್ಲ್ಸ್‌ಟನ್

ಒಂದು ನಿಮಿಷ. ನಾನು ಯಾವ ಪಕ್ಷಕ್ಕೂ ಸೇರಿದವಳಲ್ಲ. ಒಂದು ಸಲ ಇವರಿಗೆ, ಒಂದು ಸಲ ಅವರಿಗೆ ಹಾಕಿದ್ದೇನೆ. ನಿನ್ನೆ ಹ್ಯಾಲಿಗೆ ಹಾಕಿದೆ. ನಮ್ಮ ಬೂತ್ ಒಂದು ಚರ್ಚ್ ಹಾಲ್‌ನಲ್ಲಿ. ಡ್ರೈವಿಂಗ್ ಲೈಸೆನ್ಸ್ ತೋರಿಸಿದೆ, ಅಜ್ಜಿಯೊಬ್ಬರು ಕನ್ನಡಕ ಮೂಗಿಗೆ ಇಳಿಸಿಕೊಂಡು ನನ್ನ ಉದ್ದ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿ, ಸಹಿ ಹಾಕಿಸಿ, ಉದ್ದನೆಯ ಖಾಲಿ ಕಾರ್ಡ್ ಕೈಗೆ ಕೊಟ್ಟರು. ಅದನ್ನು ಯಂತ್ರಕ್ಕೆ ತೂರಿಸಿದರೆ ಪರದೆ ಮೇಲೆ ಹೆಸರುಗಳು ಬರುತ್ತವೆ. ಡಿಸ್ಯಾಂಟಿಸ್, ವಿವೇಕ್ ರಾಮಸ್ವಾಮಿ, ಕ್ರಿಸ್ಟಿ ಎಲ್ಲರೂ ಜನವರಿಯಲ್ಲೇ ಮನೆಗೆ ಹೋದವರು, ಪರದೆ ಮೇಲೆ ಮಾತ್ರ ಇನ್ನೂ ಕಣದಲ್ಲಿದ್ದರು. ಒತ್ತಿದ ಮೇಲೆ ಅದೇ ಕಾರ್ಡ್ ಮೇಲೆ ಹೆಸರು ಅಚ್ಚಾಗಿ ಹೊರಗೆ ಬರುತ್ತದೆ, ಓದಿ ನೋಡಿ ಸ್ಕ್ಯಾನರ್‌ಗೆ ಹಾಕಬೇಕು.

ಆ ಯಂತ್ರ, ಆ ಕಾರ್ಡ್, ಆ ಅಜ್ಜಿಯ ದಿನಗೂಲಿ, ಎಲ್ಲ ಯಾರ ದುಡ್ಡು? ಪ್ರೈಮರಿ ನಡೆಸುವುದು ರಾಜ್ಯ ಚುನಾವಣಾ ಆಯೋಗ. ಅಭ್ಯರ್ಥಿಗಳು ಒಂದಷ್ಟು ಶುಲ್ಕ ಕಟ್ಟುತ್ತಾರೆ, ಉಳಿದದ್ದು ನನ್ನ ತೆರಿಗೆ. ನನ್ನ ದುಡ್ಡು ಬೇಕು, ನನ್ನ ವೋಟ್ ಬೇಡ ಅಂದರೆ ಯಾವ ನ್ಯಾಯ ರಾಯರೇ?

---

ಇಂಡಿಯನ್‌ಲ್ಯಾಂಡ್_ಅಕ್ಕ

ಸರಿ, ನಾನೇ ಒಪ್ಪಿಕೊಳ್ಳುತ್ತೇನೆ. ನಾನು ಆ "ನೆರೆಮನೆಯಿಂದ ಬಂದವಳು". ನವೆಂಬರ್‌ನ ಅಧ್ಯಕ್ಷ ಚುನಾವಣೆಯಲ್ಲಿ ಬೈಡನ್‌ಗೇ ಹಾಕುವವಳು. ಫೆಬ್ರವರಿ 3ಕ್ಕೆ ಹೋಗಲಿಲ್ಲ, ಬೈಡನ್ ಗೆಲ್ಲುವುದು ಗೊತ್ತೇ ಇತ್ತು, ಶೇ 96 ಬಂತು ಅವರಿಗೆ. ನಿನ್ನೆ ಹೋಗಿ ಹ್ಯಾಲಿಗೆ ಒತ್ತಿ ಬಂದೆ. ಕಾನೂನು ಬಿಟ್ಟಿದೆ, ನಾನು ಹೋಗಿದ್ದೇನೆ. ಇಬ್ಬರಲ್ಲಿ ಒಬ್ಬರು ನಾಳೆ ನನ್ನ ದೇಶ ಆಳಬಹುದು ಅಂದರೆ, ಕಡಿಮೆ ಹಾನಿ ಮಾಡುವವರನ್ನು ಆರಿಸುವ ಹಕ್ಕು ನನಗಿಲ್ವಾ?

---

ಬಸವನಗುಡಿ_ಬೆಂಚು (ಬೆಂಗಳೂರು)

ಇಂಡಿಯನ್ ಲ್ಯಾಂಡ್ ಅಂತ ನಿಜವಾಗಿ ಊರಿದೆಯಾ ಅಮ್ಮಾ? ಅಥವಾ ನಮ್ಮವರು ಜಾಸ್ತಿ ಆಗಿ ಇಟ್ಟ ಹೆಸರಾ?

---

ಇಂಡಿಯನ್‌ಲ್ಯಾಂಡ್_ಅಕ್ಕ

ನಿಜವಾಗಿ ಇದೆ ಸರ್. ಶಾರ್ಲೆಟ್ ಪಕ್ಕ, ಗಡಿ ದಾಟಿದರೆ ಸೌತ್ ಕೆರೊಲಿನಾ. ಹೆಸರು ಇಲ್ಲಿನ ಮೂಲನಿವಾಸಿಗಳಿಂದ ಬಂದದ್ದು. ಈಗ ಮಾತ್ರ ಸಂಜೆ ವಾಕಿಂಗ್ ಹೋದರೆ ಅರ್ಧ ಜನ ತೆಲುಗು ಮಾತಾಡುತ್ತಾರೆ 😄

---

ಕೆಂಪುಟೋಪಿ

ನೋಡಿದಿರಾ? ಅಕ್ಕನೇ ಒಪ್ಪಿಕೊಂಡರು. ನವೆಂಬರ್‌ನಲ್ಲಿ ಬೈಡನ್‌ಗೆ ಹಾಕುವವರು ಫೆಬ್ರವರಿಯಲ್ಲಿ ನಮ್ಮ ಅಭ್ಯರ್ಥಿ ಯಾರು ಅಂತ ತೀರ್ಮಾನಿಸುತ್ತಾರೆ. ಹೆಣ್ಣು ಕೊಡದವರು ಲಗ್ನಪತ್ರಿಕೆ ಬರೆದ ಹಾಗೆ.

ನಾನು ಯಾಕೆ ಟ್ರಂಪ್‌ಗೆ ಹಾಕಿದೆ ಅಂತಲೂ ಹೇಳುತ್ತೇನೆ, ಯಾಕೆಂದರೆ ಇಲ್ಲಿ ಎಲ್ಲರೂ ಟ್ರಂಪ್ ವೋಟರ್ ಅಂದರೆ ಓದು ಬರಹ ಇಲ್ಲದವರು ಅಂದುಕೊಂಡಿದ್ದೀರಿ. ನಾನು ಕಾರು ಕಾರ್ಖಾನೆಗಳಿಗೆ ಬಿಡಿಭಾಗ ಮಾಡುವ ಕಂಪನಿಯಲ್ಲಿ ಕ್ವಾಲಿಟಿ ಇಂಜಿನಿಯರ್. ನನ್ನ ಲೈನ್‌ನಲ್ಲಿ ಕೆಲಸ ಮಾಡುವವರು ಇಲ್ಲಿಯದೇ ಹಳ್ಳಿಯವರು, ಅಪ್ಪ ಅಜ್ಜ ಬಟ್ಟೆ ಗಿರಣಿಯಲ್ಲಿ ದುಡಿದವರು. ಈ ಅಪ್‌ಸ್ಟೇಟ್ ಭಾಗದಲ್ಲಿ ಗಿರಣಿ ಒಂದಾದ ಮೇಲೊಂದು ಮುಚ್ಚಿದವು, ಕೆಲಸ ಹೊರದೇಶಕ್ಕೆ ಹೋಯಿತು. ಆಗ ಎರಡೂ ಪಕ್ಷದ ದೊಡ್ಡವರು ಮುಕ್ತ ವ್ಯಾಪಾರ ಒಳ್ಳೆಯದು ಅಂತ ಭಾಷಣ ಮಾಡಿದರು. ಆಮೇಲೆ ಬಿಎಂಡಬ್ಲ್ಯು ಬಂತು, 1994ರಿಂದ ಕಾರು ಹೊರಬರುತ್ತಿದೆ, ಒಳ್ಳೆಯದೇ ಆಯಿತು, ಆದರೆ ಎಲ್ಲರಿಗೂ ಅಲ್ಲಿ ಕೆಲಸ ಸಿಗಲಿಲ್ಲ. ಟ್ರಂಪ್ ಬಂದು "ನಿಮಗೆ ಮೋಸ ಆಗಿದೆ" ಅಂದರು. ಆ ಮಾತನ್ನು ಹ್ಯಾಲಿ ಒಂದು ದಿನವೂ ಹೇಳಲಿಲ್ಲ. ಆಕೆ ಮಾತಾಡಿದ್ದೆಲ್ಲ ಯುಕ್ರೇನ್ ಮತ್ತು ನಿವೃತ್ತಿ ವಯಸ್ಸು ಜಾಸ್ತಿ ಮಾಡುವುದು. ಹೆಗಲು ನೋಯುತ್ತದೆ ಅನ್ನುವ ಕಾರ್ಮಿಕನ ಮುಂದೆ ಹೋಗಿ ನಿನ್ನ ಮಗ ಇನ್ನೂ ಜಾಸ್ತಿ ವರ್ಷ ದುಡಿಯಬೇಕು ಅಂದರೆ ಅವನು ವೋಟ್ ಹಾಕುತ್ತಾನಾ?

ಗಡಿ ವಿಷಯ ಬೇರೆ ಇದೆ. ನಾನು ಎಚ್1ಬಿ ಕೆಲಸದ ವೀಸಾದಲ್ಲಿ ಬಂದು ಗ್ರೀನ್ ಕಾರ್ಡ್ ಕ್ಯೂನಲ್ಲಿ ನಿಂತು ನಿಂತು ಕೂದಲು ಬೆಳ್ಳಗಾದ ಮೇಲೆ ಸಿಟಿಜನ್ ಆದವನು. ಕ್ಯೂ ಹಾರಿದವರ ಮೇಲೆ ನನಗೆ ಕೋಪ ಬಂದರೆ ತಪ್ಪಾ?

---

ಹಸಿರುಕಾರ್ಡ್

ಕ್ಯೂ ವಿಷಯ ಎತ್ತಬೇಡಿ ಸ್ವಾಮಿ, ಕಣ್ಣೀರು ಬರುತ್ತದೆ.

---

ಅಂಕಿಅಂಶ

ಸ್ವಲ್ಪ ಲೆಕ್ಕ ನೋಡೋಣ, ಸುಮ್ನೆ ಕಿರುಚಾಡುವುದಕ್ಕಿಂತ.

ರಿಪಬ್ಲಿಕನ್ ಪ್ರೈಮರಿಯಲ್ಲಿ ಒಟ್ಟು ಸುಮಾರು 7,57,000 ವೋಟ್. ಈ ರಾಜ್ಯದ ರಿಪಬ್ಲಿಕನ್ ಪ್ರೈಮರಿಗಳಲ್ಲಿ ಇದೇ ದಾಖಲೆ, 2016ರಲ್ಲಿ ಸುಮಾರು 7,40,000 ಇತ್ತು. ಟ್ರಂಪ್‌ಗೆ ಸುಮಾರು 4,52,000, ಹ್ಯಾಲಿಗೆ 3 ಲಕ್ಷಕ್ಕೆ ಸ್ವಲ್ಪ ಕಡಿಮೆ. ಅಂತರ ಒಂದೂವರೆ ಲಕ್ಷ. ಹಾಗಾಗಿ ಹೊರಗಿನವರು ಬಂದು ಫಲಿತಾಂಶ ಬದಲಿಸಿದರು ಅನ್ನುವುದಕ್ಕೆ ಅರ್ಥವಿಲ್ಲ. ಟ್ರಂಪ್ ಆರಾಮಾಗಿ ಗೆದ್ದಿದ್ದಾರೆ. ಅಕ್ಕನಂಥವರು ಬಂದರೂ ಗೆದ್ದಿದ್ದಾರೆ. ಹಾಗಿದ್ದ ಮೇಲೆ ಬೇಲಿ ಯಾಕೆ?

ನಿಜವಾದ ತಮಾಷೆ ಡೆಲಿಗೇಟ್ (ಪಕ್ಷದ ಸಮಾವೇಶಕ್ಕೆ ಹೋಗಿ ಅಭ್ಯರ್ಥಿಯನ್ನು ಆರಿಸುವ ಪ್ರತಿನಿಧಿ) ಲೆಕ್ಕದಲ್ಲಿದೆ. ರಾಜ್ಯದಲ್ಲಿ ಒಟ್ಟು 50. ಅದರಲ್ಲಿ 29 ಇಡೀ ರಾಜ್ಯ ಗೆದ್ದವರಿಗೆ, ಉಳಿದ 21 ಏಳು ಕಾಂಗ್ರೆಸ್ (ಅಮೆರಿಕದ ಸಂಸತ್ತು) ಕ್ಷೇತ್ರಗಳಿಗೆ ತಲಾ 3. ಹ್ಯಾಲಿ ಗೆದ್ದದ್ದು ಕರಾವಳಿಯ 1ನೇ ಕ್ಷೇತ್ರ ಒಂದೇ. ಅಂದರೆ ಶೇ 39.5 ವೋಟ್, 3 ಡೆಲಿಗೇಟ್. ಟ್ರಂಪ್‌ಗೆ 47. ಇದರ ಬಗ್ಗೆ ರಾಯರು ಒಂದಕ್ಷರ ಬರೆದಿಲ್ಲ!

---

ಅಪ್‌ಸ್ಟೇಟ್_ರಾಯ

ಬರೆದಿಲ್ಲ, ಯಾಕೆಂದರೆ ಅದರ ಬಗ್ಗೆ ನನಗೆ ತಕರಾರಿಲ್ಲ. ನಿಯಮ ಎಲ್ಲರಿಗೂ ಮೊದಲೇ ಗೊತ್ತಿತ್ತು. ಪಕ್ಷ ತನ್ನ ಡೆಲಿಗೇಟ್‌ಗಳನ್ನು ಹೇಗೆ ಹಂಚುತ್ತದೆ ಅನ್ನುವುದು ಪಕ್ಷದ ಮನೆ ವಿಚಾರ. ಡೆಮಾಕ್ರಟ್‌ಗಳು ಶೇ 15 ದಾಟಿದವರಿಗೆಲ್ಲ ಪಾಲು ಕೊಡುತ್ತಾರೆ, ಅದು ಅವರಿಷ್ಟ. 2016ರಲ್ಲಿ ಟ್ರಂಪ್ ಶೇ 32.5 ತೆಗೆದುಕೊಂಡು 50ಕ್ಕೆ 50 ಬಾಚಿಕೊಂಡರು. ಎದುರಾಳಿಗಳಾದ ರೂಬಿಯೊ, ಕ್ರೂಜ್ ಇಬ್ಬರೂ ಶೇ 22ರ ಮೇಲಿದ್ದರು, ಕೈಗೆ ಸೊನ್ನೆ. ಆಗ ಹ್ಯಾಲಿ ಬೆಂಬಲಿಸಿದ್ದು ರೂಬಿಯೊವನ್ನು. ಅವರೂ ಈ ನಿಯಮದ ಮೇಲೆ ಕೂಗಾಡಲಿಲ್ಲ.

ಬೇಗ ಒಬ್ಬ ಅಭ್ಯರ್ಥಿ ಹಿಂದೆ ಪಕ್ಷ ನಿಲ್ಲಲಿ ಅಂತ ಮಾಡಿದ ವ್ಯವಸ್ಥೆ ಅದು. ನನಗೆ ಆ ಅಭ್ಯರ್ಥಿ ಇಷ್ಟವಾಗದಿರಬಹುದು, ವ್ಯವಸ್ಥೆ ಕೆಟ್ಟದ್ದಲ್ಲ.

"ಫಲಿತಾಂಶ ಬದಲಾಗಲಿಲ್ಲ, ಬೇಲಿ ಯಾಕೆ" ಅಂತ ಕೇಳಿದಿರಿ. ಬೇಲಿ ಬೇಕಾದದ್ದು ಫಲಿತಾಂಶಕ್ಕಲ್ಲ, ಲೆಕ್ಕಕ್ಕೆ. ನಮ್ಮ ಪಕ್ಷದೊಳಗೆ ಟ್ರಂಪ್ ಬೇಡ ಅನ್ನುವವರು ಎಷ್ಟು ಜನ ಅಂತ ನನಗೆ ಗೊತ್ತಾಗಬೇಕು. ಪಕ್ಷದ ನಾಯಕರಿಗೂ ಗೊತ್ತಾಗಬೇಕು. ಬೇಲಿ ಹಾಕಿ ಎಣಿಸಿದಾಗ ಶೇ 30 ಬಂದರೂ ಸಾಕು, ಅದು ನಮ್ಮದೇ ಶೇ 30, ಅದನ್ನು ಯಾರೂ ತಳ್ಳಿಹಾಕಲು ಆಗುವುದಿಲ್ಲ. ಈಗಿನ ಶೇ 39.5 ಯಾರ ಮನೆಯ ಕೂಸು?

---

ನೀರುದೋಸೆ_ಚಾರ್ಲ್ಸ್‌ಟನ್

ನನ್ನ ತೆರಿಗೆ ಪ್ರಶ್ನೆಗೆ ಉತ್ತರ ಬರಲಿಲ್ಲ.

---

ಅಪ್‌ಸ್ಟೇಟ್_ರಾಯ

ಬರುತ್ತದೆ, ಊಟ ಮಾಡಿ ಬರುತ್ತೇನೆ ಮಾರಾಯ್ರೆ.

---

ಬಸವನಗುಡಿ_ಬೆಂಚು

ನೀವೆಲ್ಲ ಜಗಳ ಆಡುತ್ತಿರುವುದು ನೋಡಿ ನನಗೆ ಹೊಟ್ಟೆಕಿಚ್ಚು. ಇಲ್ಲಿ ಅಭ್ಯರ್ಥಿ ಯಾರು ಅಂತ ತೀರ್ಮಾನಿಸುವುದು ಹೈಕಮಾಂಡ್. ಕಾರ್ಯಕರ್ತರು ದೆಹಲಿ ಕಡೆ ಬಾಯಿ ಬಿಟ್ಟುಕೊಂಡು ಕೂತಿರುತ್ತಾರೆ, ಬಿ ಫಾರಂ ಯಾರ ಕೈಗೆ ಬಂತು ಅಂತ ಟಿವಿ ನೋಡಿ ತಿಳಿದುಕೊಳ್ಳಬೇಕು. ಹೋದ ವರ್ಷ ಜಗದೀಶ ಶೆಟ್ಟರ್, ಮಾಜಿ ಮುಖ್ಯಮಂತ್ರಿ, ಅವರಿಗೇ ಟಿಕೆಟ್ ಇಲ್ಲ ಅಂದರು. ಅವರು ಕಾಂಗ್ರೆಸ್‌ಗೆ ಹೋಗಿ ನಿಂತು ಸೋತರು. ಈಗ ಕಳೆದ ತಿಂಗಳು ವಾಪಸ್ ಬಿಜೆಪಿ. ಹುಬ್ಬಳ್ಳಿಯ ಸಾಮಾನ್ಯ ಕಾರ್ಯಕರ್ತನನ್ನು ಯಾರಾದರೂ ಕೇಳಿದರಾ? ನಿಮ್ಮಲ್ಲಿ ಪಕ್ಷದವರಲ್ಲದವರನ್ನೂ ಕೇಳುತ್ತಾರೆ, ಅದಕ್ಕೂ ನಿಮಗೆ ಬೇಸರ.

---

ಧಾರವಾಡ_ಪೇಡ (ಶಾರ್ಲೆಟ್, ನಾರ್ತ್ ಕೆರೊಲಿನಾ)

ಹುಬ್ಬಳ್ಳಿ ಸುದ್ದಿ ಇಲ್ಲಿಗೆ ಯಾಕೆ ಬಂತ್ರೀ, ಅದಕ್ಕೆ ಬೇರೆ ಚರ್ಚೆ ತೆಗೆಯಿರಿ 😂

ನಮ್ಮ ರಾಜ್ಯದ ಪದ್ಧತಿ ಹೇಳುತ್ತೇನೆ, ನಡುದಾರಿ ಅಂತ ಅನ್ನಿಸುತ್ತದೆ. ನಾರ್ತ್ ಕೆರೊಲಿನಾದಲ್ಲಿ ಪಕ್ಷ ಬರೆಸಬಹುದು. ಡೆಮಾಕ್ರಟ್ ಅಂತ ಬರೆಸಿದವರು ರಿಪಬ್ಲಿಕನ್ ಪ್ರೈಮರಿಗೆ ಹೋಗುವಂತಿಲ್ಲ. ಯಾವ ಪಕ್ಷವೂ ಬೇಡ ಅಂತ ಬರೆಸಿದ ನನ್ನಂಥವರು ಯಾವುದಾದರೂ ಒಂದನ್ನು ಆರಿಸಿಕೊಳ್ಳಬಹುದು. ನಮ್ಮದು ಮಾರ್ಚ್ 5ಕ್ಕೆ. ಇದಾದರೆ ನೀರುದೋಸೆಯವರಿಗೂ ಜಾಗ ಇದೆ, ಅಕ್ಕನಿಗೆ ಮಾತ್ರ ಇಲ್ಲ.

---

ಇಂಡಿಯನ್‌ಲ್ಯಾಂಡ್_ಅಕ್ಕ

ಅಕ್ಕ ಯಾವ ಪಕ್ಷವೂ ಬೇಡ ಅಂತ ಬರೆಸಿ ಒಳಗೆ ಬರುತ್ತಾಳೆ, ಚಿಂತೆ ಬೇಡ.

---

ಹಳೇಬೇರು (ಕೊಲಂಬಿಯಾ)

ಇಲ್ಲಿ ಬಹಳ ಕಾಲದಿಂದ ಇದ್ದೇನೆ, ಹಳೆಯ ಕಥೆ ಹೇಳಲೇ?

ಈ ಪ್ರೈಮರಿ ಶುರುವಾದದ್ದು 1980ರಲ್ಲಿ. ಆಗ ರಾಜ್ಯ ನಡೆಸುತ್ತಿರಲಿಲ್ಲ, ರಿಪಬ್ಲಿಕನ್ ಪಕ್ಷವೇ ತನ್ನ ಖರ್ಚಿನಲ್ಲಿ ನಡೆಸಿತು. ರೇಗನ್ ಗೆದ್ದರು, ದೇಶವನ್ನೂ ಗೆದ್ದರು. ಅಲ್ಲಿಂದ ಇಲ್ಲಿ ಗೆದ್ದವರೇ ಪಕ್ಷದ ಅಭ್ಯರ್ಥಿ ಅಂತ ಹೆಸರಾಯಿತು. ತಪ್ಪಿದ್ದು ಒಂದೇ ಸಲ, 2012ರಲ್ಲಿ ಗಿಂಗ್ರಿಚ್ ಶೇ 40 ತೆಗೆದುಕೊಂಡು ಗೆದ್ದರು, ಅಭ್ಯರ್ಥಿ ಆದದ್ದು ರಾಮ್ನಿ.

ಕೊಳಕು ಕಂಡದ್ದು 2000ದಲ್ಲಿ. ಜಾನ್ ಮೆಕೇನ್ ನ್ಯೂ ಹ್ಯಾಂಪ್‌ಶೈರ್ ಗೆದ್ದು ಇಲ್ಲಿಗೆ ಬಂದರು. ಬಾಂಗ್ಲಾದೇಶದಿಂದ ದತ್ತು ತೆಗೆದುಕೊಂಡಿದ್ದ ಅವರ ಪುಟ್ಟ ಮಗಳ ಬಗ್ಗೆ ಹೊಲಸು ಗುಸುಗುಸು ಹಬ್ಬಿಸಿದರು. ಯಾರು ಹಬ್ಬಿಸಿದರು ಅಂತ ಯಾರೂ ಹೊಣೆ ಹೊರಲಿಲ್ಲ. ಬುಷ್ ಶೇ 53, ಮೆಕೇನ್ ಶೇ 42. ಆಗಲೂ ಇದೇ ಯಾರು ಬೇಕಾದರೂ ಬರಬಹುದಾದ ಓಪನ್ ಪ್ರೈಮರಿ, ಆಗಲೂ ಮೆಕೇನ್‌ಗೆ ಪಕ್ಷೇತರರು, ಡೆಮಾಕ್ರಟ್‌ಗಳು ಬಂದು ಹಾಕಿದರು ಅಂತ ಇದೇ ಕೂಗು. ಆಗಿನ ಬುಷ್ ಬೆಂಬಲಿಗರು ಹೇಳಿದ್ದನ್ನೇ ಇವತ್ತಿನ ಟ್ರಂಪ್ ಬೆಂಬಲಿಗರು ಹೇಳುತ್ತಿದ್ದಾರೆ.

ಕೆಂಪುಟೋಪಿಯವರೇ, ಇನ್ನೊಂದು. 2020ರಲ್ಲಿ ಟ್ರಂಪ್ ಅಧ್ಯಕ್ಷರಾಗಿದ್ದಾಗ ಈ ರಾಜ್ಯದ ರಿಪಬ್ಲಿಕನ್ ಪಕ್ಷ ಪ್ರೈಮರಿಯನ್ನೇ ರದ್ದು ಮಾಡಿತು. ಆಗ ನಮ್ಮದೇ ಕೆಲವು ಮುಖಂಡರು ಏನು ಹೇಳಿದರು ನೆನಪಿದೆಯಾ? ಡೆಮಾಕ್ರಟ್ ಪ್ರೈಮರಿಗೆ ನುಗ್ಗಿ ಕೈಲಾಗದ ಅಭ್ಯರ್ಥಿಗೆ ವೋಟ್ ಹಾಕಿ ಗೊಂದಲ ಎಬ್ಬಿಸಿ ಅಂದರು. ಅವತ್ತು ಓಪನ್ ಪ್ರೈಮರಿ ಸಿಹಿಯಾಗಿತ್ತು.

---

ಕೆಂಪುಟೋಪಿ

ಅದನ್ನೂ ನಾನು ಒಪ್ಪಿದವನಲ್ಲ. ಎರಡೂ ಕಡೆ ಮುಚ್ಚಿ ಅಂತಲೇ ನಾನು ಹೇಳುತ್ತಿರುವುದು.

---

ನೀರುದೋಸೆ_ಚಾರ್ಲ್ಸ್‌ಟನ್

ಹಳೇಬೇರು ಸರ್, 2012ರಲ್ಲೂ ನಮ್ಮ ಕರಾವಳಿ ಕ್ಷೇತ್ರ ಮಾತ್ರ ರಾಮ್ನಿಗೆ ಹೋಗಿತ್ತಲ್ವಾ? ಈಗ ಹ್ಯಾಲಿಗೆ. ಚಾರ್ಲ್ಸ್‌ಟನ್, ಬ್ಯೂಫರ್ಟ್ ಕೌಂಟಿಗಳು, ಆಮೇಲೆ ನಿಮ್ಮ ಕೊಲಂಬಿಯಾ ಇರುವ ರಿಚ್‌ಲ್ಯಾಂಡ್. ಹೊರಗಿನಿಂದ ಬಂದು ಸಮುದ್ರದ ಪಕ್ಕ ಮನೆ ಮಾಡಿದ ನಿವೃತ್ತರು ಇಲ್ಲಿ ಜಾಸ್ತಿ. ಅಪ್‌ಸ್ಟೇಟ್‌ನಲ್ಲಿ ಭಾನುವಾರ ಚರ್ಚ್ ತಪ್ಪಿಸಿದರೆ ಪಕ್ಕದ ಮನೆಯವರು ಹುಷಾರಿಲ್ವಾ ಅಂತ ಕೇಳುತ್ತಾರೆ. ಒಂದೇ ರಾಜ್ಯದಲ್ಲಿ ಎರಡು ಬೇರೆ ರಿಪಬ್ಲಿಕನ್ ಪಕ್ಷ ಇವೆ.

---

ಹಳೇಬೇರು

ಸರಿಯಾಗಿ ಹೇಳಿದಿರಿ. ಹ್ಯಾಲಿ ಮೊದಲು ಗವರ್ನರ್‌ಗೆ ನಿಂತಾಗ, 2010ರಲ್ಲಿ, ದೊಡ್ಡವರನ್ನು ಎದುರು ಹಾಕಿಕೊಂಡು ಬಂದ ಟೀ ಪಾರ್ಟಿ (ತೆರಿಗೆ, ಖರ್ಚು ಇಳಿಸಿ ಅನ್ನುವ ಚಳವಳಿ) ಹುಡುಗಿ. ಈಗ ಅವರೇ "ದೊಡ್ಡವರ ಅಭ್ಯರ್ಥಿ" ಅಂತ ಬೈಸಿಕೊಂಡರು. ತಮಾಷೆ ಅಂದರೆ ರಾಜ್ಯದ ದೊಡ್ಡವರೆಲ್ಲ ಟ್ರಂಪ್ ಪಕ್ಕ ನಿಂತಿದ್ದರು. ಗವರ್ನರ್ ಮೆಕ್‌ಮಾಸ್ಟರ್, ಸೆನೆಟರ್‌ಗಳಾದ ಲಿಂಡ್ಸೆ ಗ್ರಹಾಂ, ಟಿಮ್ ಸ್ಕಾಟ್. ಆ ಸ್ಕಾಟ್‌ರನ್ನು 2012ರಲ್ಲಿ ಸೆನೆಟ್‌ಗೆ ನೇಮಿಸಿದ್ದೇ ಹ್ಯಾಲಿ. ನ್ಯೂ ಹ್ಯಾಂಪ್‌ಶೈರ್ ಗೆಲುವಿನ ರಾತ್ರಿ ವೇದಿಕೆ ಮೇಲೆ ಟ್ರಂಪ್ ಅದನ್ನೇ ಎತ್ತಿ ಕೆಣಕಿದರು, ನಿನಗೆ ಅವಳನ್ನು ಕಂಡರೆ ಆಗುವುದಿಲ್ಲ ಅನ್ನಿಸುತ್ತೆ ಅಂತ. ಸ್ಕಾಟ್ ಮೈಕ್ ಹತ್ತಿರ ಬಂದು "ನಿಮ್ಮನ್ನು ಕಂಡರೆ ಪ್ರೀತಿ" ಅಂದುಬಿಟ್ಟರು. ನಾನು ಟಿವಿ ಆರಿಸಿದೆ.

---

ಇಂಡಿಯನ್‌ಲ್ಯಾಂಡ್_ಅಕ್ಕ

ಅದಕ್ಕಿಂತ ಇಲ್ಲಿನ ಕಾನ್ವೇ ಊರಿನ ರ್‍ಯಾಲಿ ನನಗೆ ಹೊಟ್ಟೆ ಉರಿಸಿತು. ಹ್ಯಾಲಿ ಗಂಡ ಎಲ್ಲಿ, ಕಾಣಿಸುತ್ತಿಲ್ಲ ಅಂತ ಟ್ರಂಪ್ ಹಂಗಿಸಿದರು. ಆ ಮನುಷ್ಯ ನ್ಯಾಷನಲ್ ಗಾರ್ಡ್‌ನಲ್ಲಿ, ಆಫ್ರಿಕಾದ ಜಿಬೂಟಿಯಲ್ಲಿ ಡ್ಯೂಟಿ ಮೇಲಿದ್ದಾರೆ. ಮಿಲಿಟರಿ ಕುಟುಂಬಗಳು ತುಂಬಿರುವ ರಾಜ್ಯ ಇದು. ಇಷ್ಟಾದ ಮೇಲೂ ಶೇ 60! ಆಕೆಯ ಹುಟ್ಟುಹೆಸರು ನಿಮ್ರತಾವನ್ನು "ನಿಂಬ್ರಾ" ಅಂತ ತಿರುಚಿ ಬರೆದರು. ಕೆಂಪುಟೋಪಿಯವರೇ, ನಾಳೆ ನಿಮ್ಮ ಮಗಳು ಚುನಾವಣೆಗೆ ನಿಂತರೆ ಅವಳ ಹೆಸರನ್ನೂ ಹೀಗೇ ತಿರುಚುವವರು ಬರುತ್ತಾರೆ.

---

ಕೆಂಪುಟೋಪಿ

ಆ ಎರಡು ಮಾತು ನನಗೂ ಇಷ್ಟವಾಗಲಿಲ್ಲ, ಮನೆಯಲ್ಲಿ ಹೆಂಡತಿ ಹತ್ತಿರ ಬೈಸಿಕೊಂಡೂ ಆಯಿತು. ಆದರೆ ನಾನು ಅಳಿಯನನ್ನು ಹುಡುಕುತ್ತಿಲ್ಲ ಅಕ್ಕ, ಅಧ್ಯಕ್ಷರನ್ನು ಹುಡುಕುತ್ತಿದ್ದೇನೆ.

---

ಹಸಿರುಕಾರ್ಡ್

ಹ್ಯಾಲಿಗೆ ದೇಣಿಗೆ ಕೊಟ್ಟವರಿಗೆ ನಮ್ಮ ಬಳಗಕ್ಕೆ ಶಾಶ್ವತ ಪ್ರವೇಶ ಇಲ್ಲ ಅಂತ ಟ್ರಂಪ್ ಬರೆದಾಗ, ಅದನ್ನೇ ಟೀ ಶರ್ಟ್ ಮೇಲೆ ಅಚ್ಚು ಹಾಕಿಸಿ ಹ್ಯಾಲಿ ಮಾರಿದರಲ್ಲ, ಆ ಐಡಿಯಾ ಮಾತ್ರ ಸೂಪರ್. ರಾಯರು ಒಂದು ಕೊಂಡರಾ?

---

ಅಪ್‌ಸ್ಟೇಟ್_ರಾಯ | ಫೆಬ್ರವರಿ 26

ಕೊಂಡಿಲ್ಲ. ಟೀ ಶರ್ಟ್ ಹಾಕಿಕೊಂಡು ರಾಜಕೀಯ ಮಾಡುವ ವಯಸ್ಸು ದಾಟಿದೆ.

ನೀರುದೋಸೆಯವರ ತೆರಿಗೆ ಪ್ರಶ್ನೆ ಇಡೀ ಚರ್ಚೆಯಲ್ಲಿ ನನಗೆ ಸಿಕ್ಕ ಗಟ್ಟಿ ಪ್ರಶ್ನೆ. ನನ್ನ ಉತ್ತರ ಇದು. ನಿಮ್ಮ ದುಡ್ಡು ತೆಗೆದುಕೊಂಡು ನಿಮ್ಮನ್ನು ಹೊರಗಿಡುವುದು ತಪ್ಪು, ಒಪ್ಪಿದೆ. ಹಾಗಾಗಿ ದುಡ್ಡನ್ನೂ ತೆಗೆದುಕೊಳ್ಳಬೇಡಿ. ಹಳೇಬೇರು ಸರ್ ಹೇಳಿದ ಹಾಗೆ ಮೊದಲು ಪಕ್ಷವೇ ನಡೆಸುತ್ತಿತ್ತು. ರಾಜ್ಯ ವಹಿಸಿಕೊಂಡದ್ದು 2008ರಿಂದ. ಮತ್ತೆ ಪಕ್ಷವೇ ನಡೆಸಲಿ. ಸದಸ್ಯರಿಂದ ಚಂದಾ ಎತ್ತಲಿ, ಹಾಲ್ ಬಾಡಿಗೆಗೆ ಹಿಡಿಯಲಿ. ಸರ್ಕಾರದ ಖರ್ಚು ಕಡಿಮೆಯಾಗಬೇಕು ಅಂತ ವೇದಿಕೆ ಮೇಲೆ ಭಾಷಣ ಮಾಡುವ ಪಕ್ಷ ತನ್ನ ಮನೆಯ ಮದುವೆಗೆ ಸರ್ಕಾರದ ಚಪ್ಪರ ಕೇಳಬಾರದು. ನಾನು ಚಂದಾ ಕೊಡಲು ತಯಾರು.

ಮತದಾರ ನೋಂದಣಿಯಲ್ಲಿ ಪಕ್ಷ ಬರೆಸಲು ಅವಕಾಶ ಬೇಕೇ ಅಂತ 2018ರ ಜೂನ್ ರಿಪಬ್ಲಿಕನ್ ಪ್ರೈಮರಿಯಲ್ಲಿ ಸಲಹೆಗೆ ಅಂತ ಪ್ರಶ್ನೆ ಇಟ್ಟಿದ್ದರು. ದೊಡ್ಡ ಬಹುಮತದಲ್ಲಿ ಹೌದು ಅಂದರು. ಶಾಸಕರು ಮಾತ್ರ ಮುಟ್ಟಿಲ್ಲ. ಯಾಕೆ ಅಂತ ನನಗನ್ನಿಸುವುದು ಇಷ್ಟು. ಈಗಿನ ಶಾಸಕರೆಲ್ಲ ಓಪನ್ ಪ್ರೈಮರಿಯಲ್ಲೇ ಗೆದ್ದು ಬಂದವರು. ತಮ್ಮನ್ನು ಗೆಲ್ಲಿಸಿದ ಏಣಿಯನ್ನು ಯಾರು ಒದೆಯುತ್ತಾರೆ? ಇದರಲ್ಲಿ ಟ್ರಂಪ್ ಕಡೆಯವರು, ಹ್ಯಾಲಿ ಕಡೆಯವರು ಅಂತ ಭೇದವಿಲ್ಲ.

---

ಹಳೇಬೇರು

ಪಕ್ಷವೇ ನಡೆಸುವುದು ಕೇಳಲು ಚಂದ. 2000ದಲ್ಲಿ ಪಕ್ಷ ನಡೆಸಿದಾಗ ಕೆಲವು ಬೂತ್‌ಗಳ ಬಾಗಿಲೇ ತೆರೆಯಲಿಲ್ಲ, ನಿಮ್ಮ ಗ್ರೀನ್‌ವಿಲ್ ಕಡೆಯಲ್ಲೇ. ಕೂರಲು ಜನ ಇಲ್ಲ ಅಂದರು. ವೋಟ್ ಹಾಕಲು ಬಂದವರು ಬೀಗ ನೋಡಿಕೊಂಡು ವಾಪಸ್ ಹೋದರು. ಚಂದಾ ಎತ್ತುವುದು ಸುಲಭ ರಾಯರೇ, ಶನಿವಾರ ಬೆಳಿಗ್ಗೆ 7ರಿಂದ ಸಂಜೆ 7ರವರೆಗೆ ಕುರ್ಚಿಯಲ್ಲಿ ಕೂರುವವರನ್ನು ಎಲ್ಲಿಂದ ತರುತ್ತೀರಿ?

---

ಅಪ್‌ಸ್ಟೇಟ್_ರಾಯ

ನಾನೇ ಕೂರುತ್ತೇನೆ.

---

ಅಂಕಿಅಂಶ

ರಾಜ್ಯದಲ್ಲಿ 2,000ಕ್ಕೂ ಜಾಸ್ತಿ ಬೂತ್ ಇವೆ. ನೀವೊಬ್ಬರು ಎಷ್ಟರಲ್ಲಿ ಕೂರುತ್ತೀರಿ 🙂

---

ಧಾರವಾಡ_ಪೇಡ

ಈ ನಡುವೆ ಒಂದು ಅನುಮಾನ. ನೆವಾಡಾದಲ್ಲಿ ಹ್ಯಾಲಿ "ಈ ಯಾರೂ ಬೇಡ" ಅನ್ನುವ ಆಯ್ಕೆಗೆ ಸೋತರು ಅಂತ ಓದಿದೆ. ನಿಜವಾ, ಜೋಕಾ?

---

ಅಂಕಿಅಂಶ

ನಿಜ. ಫೆಬ್ರವರಿ 6. ಯಾರೂ ಬೇಡ ಶೇ 63, ಹ್ಯಾಲಿ ಸುಮಾರು ಶೇ 30. ಆದರೆ ಟ್ರಂಪ್ ಆ ಪ್ರೈಮರಿಯಲ್ಲಿ ಇರಲೇ ಇಲ್ಲ. ಪಕ್ಷ ಎರಡು ದಿನ ಬಿಟ್ಟು ಬೇರೆ ಕಾಕಸ್ (ಪಕ್ಷದವರು ಸಭೆ ಸೇರಿ ಆರಿಸುವುದು) ನಡೆಸಿತು, ಡೆಲಿಗೇಟ್ ಎಲ್ಲ ಅಲ್ಲಿ. ಟ್ರಂಪ್ ಅಭಿಮಾನಿಗಳು ಪ್ರೈಮರಿಗೂ ಬಂದು "ಯಾರೂ ಬೇಡ" ಒತ್ತಿ ಹೋದರು. ಅಂದ ಹಾಗೆ ನೆವಾಡಾದ ಪ್ರೈಮರಿ ಮುಚ್ಚಿದ್ದು, ಪಕ್ಷ ಬರೆಸಿದವರಿಗೆ ಮಾತ್ರ. ರಾಯರ ಬೇಲಿ ಅಲ್ಲಿತ್ತು. ಬೇಲಿಯೊಳಗೆ ಹ್ಯಾಲಿಗೆ ಆದದ್ದು ಅದು.

---

ಕೆಂಪುಟೋಪಿ

😂😂 ನಮಗೆ ಇವೇ ಅಂಕಿಗಳು ಸಾಕು.

---

ಅಪ್‌ಸ್ಟೇಟ್_ರಾಯ

ಆಗಲಿ. ಗೆಲ್ಲುವುದಕ್ಕಾಗಿ ಬೇಲಿ ಕೇಳುತ್ತಿದ್ದೇನೆ ಅಂತ ನಾನು ಎಲ್ಲಿ ಹೇಳಿದೆ?

---

ಬಸವನಗುಡಿ_ಬೆಂಚು

ನವೆಂಬರ್‌ನಲ್ಲಿ ಏನು ಮಾಡುತ್ತೀರಿ ರಾಯರೇ? ಅದನ್ನು ಹೇಳಿ.

---

ಅಪ್‌ಸ್ಟೇಟ್_ರಾಯ

ಸಾರ್, ಸೌತ್ ಕೆರೊಲಿನಾದಲ್ಲಿ ನವೆಂಬರ್ ಬಗ್ಗೆ ಯಾರೂ ನಿದ್ದೆ ಕೆಡಿಸಿಕೊಳ್ಳುವುದಿಲ್ಲ. 1976ರಲ್ಲಿ ಜಿಮ್ಮಿ ಕಾರ್ಟರ್ ಗೆದ್ದದ್ದೇ ಇಲ್ಲಿ ಡೆಮಾಕ್ರಟ್‌ಗಳ ಕೊನೆಯ ಗೆಲುವು. ನಾನು ಹಾಕಿದರೂ ಬಿಟ್ಟರೂ ಈ ರಾಜ್ಯ ಕೆಂಪೇ, ಅಂದರೆ ರಿಪಬ್ಲಿಕನ್ನೇ. ಅದಕ್ಕೇ ಫೆಬ್ರವರಿಯ ವೋಟ್ ನನಗೆ ಇಷ್ಟು ಮುಖ್ಯ. ನಮ್ಮಂಥ ರಾಜ್ಯದಲ್ಲಿ ನಿಜವಾದ ಚುನಾವಣೆ ಅಂದರೆ ಪ್ರೈಮರಿ ಒಂದೇ.

---

ನೀರುದೋಸೆ_ಚಾರ್ಲ್ಸ್‌ಟನ್

ಈಗ ನೋಡಿ, ನೀವೇ ನನ್ನ ವಾದ ಮಾಡಿದಿರಿ! ನಿಜವಾದ ಚುನಾವಣೆ ಪ್ರೈಮರಿ ಒಂದೇ ಅಂದ ಮೇಲೆ, ಅದರಿಂದ ನನ್ನನ್ನು ಹೊರಗೆ ಹಾಕಿದರೆ ನನಗೆ ಉಳಿಯುವುದೇನು? ನವೆಂಬರ್‌ನ "ವೋಟ್ ಹಾಕಿದೆ" ಸ್ಟಿಕ್ಕರ್ ಮಾತ್ರವಾ?

---

ಅಪ್‌ಸ್ಟೇಟ್_ರಾಯ

ಪಕ್ಷ ಬರೆಸಿ ಒಳಗೆ ಬನ್ನಿ. ಬಾಗಿಲು ತೆರೆದೇ ಇರುತ್ತದೆ, ಹೆಸರು ಕೊಟ್ಟು ಬನ್ನಿ ಅಂತಷ್ಟೇ ಕೇಳುತ್ತಿರುವುದು.

---

ನೀರುದೋಸೆ_ಚಾರ್ಲ್ಸ್‌ಟನ್

ಹೆಸರು ಬರೆಸಿದರೆ ಆ ಪಟ್ಟಿ ಎಲ್ಲರ ಕೈಗೂ ಸಿಗುತ್ತದೆ. ನಾನು ಅಂಗಡಿ ನಡೆಸುವವಳು. ಎರಡೂ ಪಕ್ಷದ ಗಿರಾಕಿಗಳು ಬೇಕು.

---

ಧಾರವಾಡ_ಪೇಡ | ಮಾರ್ಚ್ 6

ಚರ್ಚೆ ಮೇಲೆತ್ತುತ್ತಿದ್ದೇನೆ. ನಿನ್ನೆ ಸೂಪರ್ ಟ್ಯೂಸ್‌ಡೇ, ಒಂದೇ ದಿನ ಹಲವು ರಾಜ್ಯಗಳ ಮತದಾನ, ನಾನೂ ಹೋಗಿ ಹಾಕಿ ಬಂದೆ. 15 ರಾಜ್ಯಗಳಲ್ಲಿ ಹ್ಯಾಲಿಗೆ ಸಿಕ್ಕಿದ್ದು ವರ್ಮಾಂಟ್ ಒಂದೇ. ಅದಕ್ಕೆ ಮೊದಲು ವಾಷಿಂಗ್ಟನ್ ಡಿಸಿ. ಇವತ್ತು ಬೆಳಿಗ್ಗೆ ಚಾರ್ಲ್ಸ್‌ಟನ್‌ನಲ್ಲಿ ನಿಂತು ಕಣದಿಂದ ಹಿಂದೆ ಸರಿದರು. ಟ್ರಂಪ್‌ಗೆ ಬೆಂಬಲ ಅಂತ ಹೇಳಲಿಲ್ಲ, ನನ್ನ ಮತದಾರರ ವೋಟ್ ಅವರೇ ಗಳಿಸಿಕೊಳ್ಳಲಿ ಅಂದರು.

---

ಕೆಂಪುಟೋಪಿ

ವರ್ಮಾಂಟ್‌ನಲ್ಲೂ ಓಪನ್ ಪ್ರೈಮರಿ. ನೋಟ್ ಮಾಡಿಕೊಳ್ಳಿ.

---

ಇಂಡಿಯನ್‌ಲ್ಯಾಂಡ್_ಅಕ್ಕ

ರಾಯರೇ, ಬೇಜಾರಾಯಿತಾ?

---

ಅಪ್‌ಸ್ಟೇಟ್_ರಾಯ

ಆಯಿತು, ಆದರೆ ಗೊತ್ತಿದ್ದದ್ದೇ. ಈಗ ನನ್ನ ಗಮನ ಜೂನ್ 11ರ ಮೇಲೆ. ಕಾಂಗ್ರೆಸ್, ರಾಜ್ಯ ಶಾಸಕಾಂಗದ ಪ್ರೈಮರಿ ಅವತ್ತು. ಅಲ್ಲಿ ಶೇ 50 ದಾಟದಿದ್ದರೆ ಎರಡು ವಾರಕ್ಕೆ ಮೊದಲ ಇಬ್ಬರ ನಡುವೆ ರನ್‌ಆಫ್ ಮತದಾನ, ಹಾಗಾಗಿ ಶೇ 32ಕ್ಕೆಲ್ಲ ಗೆಲ್ಲಲು ಆಗುವುದಿಲ್ಲ. ನಮ್ಮ ಕ್ಷೇತ್ರದಲ್ಲಿ ವೋಟ್ ಕೇಳಲು ಬಂದವರನ್ನೆಲ್ಲ ಪಕ್ಷ ನೋಂದಣಿ ಮಸೂದೆಗೆ ಹೌದೋ ಅಲ್ಲವೋ ಅಂತ ಬಾಗಿಲಲ್ಲೇ ಕೇಳುವವನಿದ್ದೇನೆ.

---

ಇಂಡಿಯನ್‌ಲ್ಯಾಂಡ್_ಅಕ್ಕ

ಜೂನ್‌ನದೂ ಓಪನ್ ತಾನೇ? ನಮ್ಮ ಕಡೆ ಡೆಮಾಕ್ರಟ್ ಪ್ರೈಮರಿಯಲ್ಲಿ ಪೈಪೋಟಿಯೇ ಇರುವುದಿಲ್ಲ. ನಾನು ಮತ್ತೆ ನಿಮ್ಮ ಕಡೆಗೇ ಬರಬಹುದು.

---

ಅಪ್‌ಸ್ಟೇಟ್_ರಾಯ

ಬನ್ನಿ ಅಕ್ಕ. ಮಸೂದೆ ಪಾಸ್ ಆಗುವವರೆಗೂ ಕಾನೂನು ನಿಮ್ಮ ಕಡೆಗಿದೆ.